ರಾಜರು ಹೊಳೆ ನೋಡಿದ ಕಂಡಿ

ನಮ್ಮ ದೊಡ್ಡಿ ಬೀದಿಗೆ ಯಾವ ರಾಜನೂ ಬಂದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ರಾಜ ಬಂದಿದ್ದ ಎಂದು ಸರ್ಕಾರಿ ಕಾಗದಕ್ಕೆ ರುಜು ಹಾಕಿದವರಲ್ಲಿ ನಾನೂ ಒಬ್ಬ. ಆಮೇಲೆ ಬಂದಿರಲಿಲ್ಲ ಎಂದು ಇನ್ನೊಂದು ಕಾಗದಕ್ಕೂ ರುಜು ಹಾಕಿದೆ. ಎರಡೂ ಸಲ ಪೆನ್ನು ಒಂದೇ, ಶಾಯಿ ಒಂದೇ, ನಾಚಿಕೆಯೂ ಅಷ್ಟಕ್ಕಷ್ಟೇ.

ಆಗ ಕೊಡಗು ತನ್ನದೇ ಒಂದು ರಾಜ್ಯ. ಇಪ್ಪತ್ನಾಲ್ಕು ಜನ ಶಾಸಕರು, ಇಬ್ಬರು ಮಂತ್ರಿಗಳು. ಒಂದು ದೊಡ್ಡ ಮದುವೆಗೆ ಬಡಿಸಲಿಕ್ಕೂ ಸಾಲದಷ್ಟು ಜನ, ಆದರೂ ರಾಜ್ಯ ರಾಜ್ಯವೇ. ನಮ್ಮ ಫ್ರೇಸರ್‌ಪೇಟೆಯ ಸೇತುವೆ ದಾಟಿದರೆ ಮೈಸೂರಿನವರ ಸೀಮೆ. ಸೇತುವೆಯ ಈಚೆಗೆ, ಹೊಳೆಗೆ ಬೆನ್ನು ಕೊಟ್ಟ ಏಳು ಹೆಂಚಿನ ಮನೆಗಳು, ಎದುರಿಗೆ ಇನ್ನೇಳು, ಇದೇ ದೊಡ್ಡಿ ಬೀದಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಒಂದು ಮನೆಯಲ್ಲಿ ಸೀನಿದರೆ ಮೂರನೇ ಮನೆಯವರು ‘ಚಿರಂಜೀವಿ’ ಅನ್ನುತ್ತಾರೆ. ನಾನು ಎದುರು ಸಾಲಿನ ದರ್ಜಿ, ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡವನು. ಜಗಲಿಯ ದರ್ಜಿಗೆ ತಿಳಿಯದೆ ಬೀದಿಯಲ್ಲಿ ಏನೂ ನಡೆಯುವುದಿಲ್ಲ. ನಡೆದರೂ ಅದು ಲೆಕ್ಕಕ್ಕಿಲ್ಲ.

ಹೊಳೆ ಸಾಲಿನ ನಡುವಿನ ಮನೆ ಸಣ್ಣಸ್ವಾಮಿಯದು. ಸುಂಟಿಕೊಪ್ಪದ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು, ಈಗ ಕೆಲಸ ಬಿಟ್ಟರೂ ಕಿವಿ ಮೇಲಿನ ಪೆನ್ಸಿಲ್ ಬಿಡದ ಮನುಷ್ಯ. ಅವನ ತಾತ ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವನು. ಮನೆ ಹಳೆಯದು, ಅದರ ಅಡುಗೆಮನೆ ಇನ್ನೂ ಹಳೆಯದು, ಅದರೊಳಗಿನ ಹೊಗೆ ಎಲ್ಲಕ್ಕಿಂತ ಹಳೆಯದು. ಆ ಅಡುಗೆಮನೆಗೆ ಕಿಟಕಿಯೇ ಇಲ್ಲ. ಅವನ ಹೆಂಡತಿ ಕಾಮಾಕ್ಷಮ್ಮ ಮದುವೆಯಾಗಿ ಬಂದ ವರ್ಷವೇ ಒಂದು ಕಿಟಕಿ ಕೇಳಿದಳು. ಸಣ್ಣಸ್ವಾಮಿ ‘ಯುಗಾದಿ ಕಳೀಲಿ’ ಅಂದ. ಅಲ್ಲಿಂದೀಚೆಗೆ ಹತ್ತೊಂಬತ್ತು ಯುಗಾದಿ ಕಳೆದವು. ಕಾಮಾಕ್ಷಮ್ಮನ ಕಣ್ಣು ಸದಾ ಕೆಂಪು. ಹೊಸಬರು ನೋಡಿದರೆ ಈ ಮನೆಯಲ್ಲಿ ಯಾರೋ ಸತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಈ ಸಲ ಅವಳು ಸಾಸಿವೆ ಅಂತ ರಾಗಿಯನ್ನು ಒಗ್ಗರಣೆಗೆ ಹಾಕಿದಳು. ಅದನ್ನು ತಿಂದ ಮೇಲೆ ಸಣ್ಣಸ್ವಾಮಿಗೂ ವಿಷಯದ ಗಾಂಭೀರ್ಯ ಅರ್ಥವಾಯಿತು, ಗಾರೆ ಕೆಲಸದ ಗುರುವಪ್ಪನಿಗೆ ಹೇಳಿ ಕಳಿಸಿದ.

ಗುರುವಪ್ಪ ಸೋಮವಾರ ಬೆಳಿಗ್ಗೆ ಹಾರೆ ಹಿಡಿದು ಬಂದ. ಕೂತು ಮಾಡುವ ಕೆಲಸವನ್ನು ನಿಂತು ಮಾಡಿದವನಲ್ಲ ಅವನು. ಆದ್ದರಿಂದ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೂತ ಎತ್ತರಕ್ಕೇ ಮೊದಲ ಏಟು ಹಾಕಿದ. ಒಂದು ಗೇಣು ಗೋಡೆ ಬಿತ್ತು, ಹೊಳೆಯ ಬೆಳಕು ಒಳಗೆ ಬಂತು. ಕಾಮಾಕ್ಷಮ್ಮ ಆ ಬೆಳಕಿನಲ್ಲಿ ತನ್ನ ಕೈ ಹಿಡಿದು ನೋಡಿಕೊಂಡು, ‘ಅಯ್ಯೋ, ನನ್ ಬಳೆ ಹಸಿರು ಕಣೋ ಗುರುವಪ್ಪ, ನಾನು ಕಪ್ಪು ಅಂದ್ಕಂಡಿದ್ದೆ’ ಅಂದಳು. ಸಂತೋಷಕ್ಕೆ ಅವನಿಗೆ ಕಾಫಿ ಕಾಸಲು ಕೂತಳು.

ಕಾಫಿ ಕುದಿಯುವಷ್ಟು ಹೊತ್ತು ಸಣ್ಣಸ್ವಾಮಿ ಮನೆಯಲ್ಲೇ ಬಿದ್ದಿದ್ದರೆ ಈ ಕಥೆ ಇಲ್ಲ. ಅವನು ಸಿದ್ದಬಸಪ್ಪನ ಅಂಗಡಿ ಕಟ್ಟೆಗೆ ಹೋದ. ಅಲ್ಲಿ ಕುಟ್ಟಪ್ಪ ಕೂತಿದ್ದ. ಕುಟ್ಟಪ್ಪ ನಾಪೋಕ್ಲು ಕಡೆಯ ಗೌಡ. ಮಕ್ಕಳ ಶಾಲೆಗೆಂದು ನಮ್ಮ ಬೀದಿಯಲ್ಲಿ ಮನೆ ತೆಗೆದುಕೊಂಡು ಐದು ವರ್ಷವಾಗಿತ್ತು, ಆದರೆ ಮಾತಾಡುವುದು ಮಾತ್ರ ಐನೂರು ವರ್ಷದಿಂದ ಇರುವವನ ಹಾಗೆ. ನಾವು ‘ಇದೆ’ ಅನ್ನುವುದು ಅವನ ಬಾಯಲ್ಲಿ ‘ಉಟ್ಟು’.

‘ಎಂತ ರೈಟರೇ, ಮನೆ ಒಡೀತಿದ್ದೀರಂತೆ?’ ಅಂದ ಕುಟ್ಟಪ್ಪ. ‘ಒಡೀರಿ, ಒಡೀರಿ. ನೀವು ಬಯಲುಸೀಮೆಯಿಂದ ನಿನ್ನೆ ಮೊನ್ನೆ ಬಂದವರು. ನಿಮಗೆ ಹಳೇದರ ಬೆಲೆ ಎಂತ ಗೊತ್ತುಟ್ಟು? ನಮ್ಮ ಮನೇಲಿ ರಾಜ ಕೊಟ್ಟ ಕತ್ತಿ ಉಟ್ಟು. ನಿಮ್ಮಲ್ಲಿ ಎಂತ ಉಟ್ಟು?’

ಬೇರೆ ಯಾರಾದರೂ ಆಗಿದ್ದರೆ ‘ನಮ್ಮಲ್ಲಿ ಹೊಗೆ ಇದೆ’ ಅಂತ ನಿಜ ಹೇಳಿ ಸುಮ್ಮನಾಗುತ್ತಿದ್ದರು. ಕೊಡಗಿನಲ್ಲಿ ಒಬ್ಬನ ಮನೆಗೆ ಬೆಂಕಿ ಬಿದ್ದರೂ ಅವನು ಸಹಿಸಿಕೊಂಡಾನು, ತನ್ನ ಮನೆ ರಾಜರ ಕಾಲದ್ದಲ್ಲ ಎಂಬ ಮಾತು ಸಹಿಸಲಾರ. ಸಣ್ಣಸ್ವಾಮಿ ಕಿವಿಯ ಪೆನ್ಸಿಲ್ ಸರಿಮಾಡಿಕೊಂಡ.

‘ಕತ್ತಿ ಕೊಟ್ನಂತೆ ಕತ್ತಿ! ನಿಮ್ಮನೆಗೆ ಕತ್ತಿ ಕಳಿಸ್ದ, ನಮ್ಮನೆಗೆ ಖುದ್ದು ತಾನೇ ಬಂದ ಕಣಯ್ಯ. ನಮ್ ಅಡುಗೆಮನೇಲಿ ಕೂತು ಉಂಡು ಹೋಗಿದಾನೆ.’

‘ರಾಜ? ನಿಮ್ಮ ಅಡುಗೆಮನೇಲಿ?’

‘ಹ್ಞೂಂ. ಮುದ್ದೆ, ಉಪ್ಸಾರು.’

ಕಟ್ಟೆಯ ತುದಿಯಲ್ಲಿ ಕೊಡೆ ಊರಿಕೊಂಡು ಬಸ್ಸಿಗೆ ಕಾಯುತ್ತಿದ್ದ ಒಬ್ಬ ಕೋಟಿನ ಮನುಷ್ಯ ಎದ್ದು ಬಂದ. ಹೆಸರು ಮೊಣ್ಣಪ್ಪ, ಮಡಿಕೇರಿಯ ಒಂದು ಕಚೇರಿಯ ಅಧಿಕಾರಿ. ಯಾವ ಕಚೇರಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ನನ್ನ ಮಿಷನ್ನಿಗೂ ಒಂದು ಬೋರ್ಡು ಬಿದ್ದೀತು. ಕೊಡಗನ್ನು ಮೈಸೂರಿಗೆ ಸೇರಿಸುತ್ತಾರೆ ಅನ್ನುವ ಗುಸುಗುಸು ಆಗ ಜೋರಾಗಿತ್ತು. ನಮಗೂ ನಮ್ಮದೇ ಚರಿತ್ರೆ ಇದೆ ಅಂತ ತೋರಿಸಲು ಈತ ಊರೂರು ತಿರುಗಿ ಹಳೆಯದನ್ನೆಲ್ಲ ಪಟ್ಟಿ ಮಾಡುತ್ತಿದ್ದ. ಶ್ರೀಮಂಗಲದಿಂದ ಇಲ್ಲಿಯವರೆಗೆ ಹದಿನೈದು ದಿನ ಸುತ್ತಿ ಸಿಕ್ಕಿದ್ದು ಎರಡು ಮುರುಕು ಕಂಬ. ಅಂಥವನ ಕಿವಿಗೆ ಉಪ್ಸಾರು ಉಂಡ ರಾಜ ಬಿದ್ದಿದ್ದ.

‘ಆ ಅಡುಗೆಮನೆ ತೋರಿಸಿ ಮಾರಾಯ್ರೆ,’ ಅಂದ. ಆಗಲೇ ಬಂದ ಬಸ್ಸನ್ನು ತಿರುಗಿಯೂ ನೋಡಲಿಲ್ಲ.

ಸಣ್ಣಸ್ವಾಮಿ ಮುಂದೆ, ಮೊಣ್ಣಪ್ಪ ಹಿಂದೆ, ಕುಟ್ಟಪ್ಪ ಅವನ ಹಿಂದೆ, ಕುತ್ತಿಗೆಗೆ ಟೇಪು ಹಾಕಿಕೊಂಡು ನಾನು ಎಲ್ಲರ ಹಿಂದೆ. ಅಡುಗೆಮನೆಯಲ್ಲಿ ಗುರುವಪ್ಪ ಕಾಫಿ ಕುಡಿಯುತ್ತಿದ್ದವನು ಕೋಟು ಕಂಡಿದ್ದೇ ಹಾರೆಯನ್ನು ಬೆನ್ನ ಹಿಂದೆ ಅಡಗಿಸಿದ. ಕೋಟು ಕಂಡರೆ ಕೈಯಲ್ಲಿದ್ದದ್ದನ್ನು ಅಡಗಿಸುವುದು ನಮ್ಮ ಕಡೆಯ ಪದ್ಧತಿ.

ಮೊಣ್ಣಪ್ಪ ಗೋಡೆಯ ತೂತು ನೋಡಿದ. ‘ಇದೇನು?’

ನಿಜ ಹೇಳಿದರೆ ರಾಜ ಉಂಡ ಮನೆಯನ್ನು ಒಡೆದ ಅಪರಾಧ. ಸಣ್ಣಸ್ವಾಮಿ ಹೆಂಡತಿಯ ಮುಖ ನೋಡಿದ, ಗುರುವಪ್ಪನ ಮುಖ ನೋಡಿದ, ಎರಡೂ ಕಡೆ ಸಹಾಯ ಸಿಗಲಿಲ್ಲ.

‘ರಾಜರು ಹೊಳೆ ನೋಡಿದ ಕಂಡಿ ಸಾರ್.’

‘ಇಷ್ಟು ಕೆಳಗೆ?’

‘ರಾಜರು ನಿಂತ್ಕಂಡು ನೋಡ್ತಾರಾ ಸಾರ್? ಕೂತು ನೋಡ್ತಿದ್ರು.’

‘ಮಣ್ಣು ಹೊಸದರ ಹಾಗೆ ಕಾಣ್ತದಲ್ಲ?’

‘ಆಗಿನ ಮಣ್ಣೇ ಹಂಗೆ ಸಾರ್. ಹಳೇದಾಗೋದೇ ಇಲ್ಲ.’

ಕಾಮಾಕ್ಷಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವನ್ನೋ ಬೈಗುಳವನ್ನೋ ನನಗೆ ತಿಳಿಯಲಿಲ್ಲ. ಮೊಣ್ಣಪ್ಪ ಕಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊಳೆ ನೋಡಿ, ಕಣ್ಣೊರೆಸಿಕೊಂಡ. ಭಕ್ತಿ ಅಂದುಕೊಂಡೆವು. ಹೊಗೆಯಂತೆ.

ವಿಷಯ ಇಲ್ಲಿಗೇ ನಿಂತಿದ್ದರೆ ಒಂದೇ ಮನೆ ಹಾಳಾಗುತ್ತಿತ್ತು. ಆದರೆ ಪಕ್ಕದ ಮನೆಯಲ್ಲಿ ರಾಜ ಉಂಡ ಅಂತ ಕೇಳಿ ಸುಮ್ಮನಿರುವ ಬೀದಿ ನಮ್ಮದಲ್ಲ. ಮೊಣ್ಣಪ್ಪ ಹೊರಗೆ ಬರುವಷ್ಟರಲ್ಲಿ ಮೂಲೆಮನೆ ರುದ್ರಮ್ಮ ದಾರಿಗೆ ಅಡ್ಡ ನಿಂತಿದ್ದಳು.

‘ಅಲ್ಲ ಸ್ವಾಮಿ, ಉಣ್ಣೋದು ಅಲ್ಲಿ ಉಂಡಿರಬೌದು. ಸ್ನಾನ ಮಾಡ್ದೆ ಉಣ್ತಾನಾ ರಾಜ? ಅಷ್ಟು ಮುಸುರೆನಾ ಅವನು? ಸ್ನಾನ ನಮ್ ಬಚ್ಚಲಲ್ಲಿ. ನಮ್ಮತ್ತೆಯ ಅತ್ತೆ ನೀರು ಕಾಸಿ ಕೊಟ್ಟಿದ್ಲು. ಹಂಡೆ ಈಗ್ಲೂ ಐತೆ, ಬನ್ನಿ.’

ಸಿದ್ದಬಸಪ್ಪ ಅಂಗಡಿಯಿಂದಲೇ ಕೂಗಿ, ಉಂಡ ಮೇಲೆ ರಾಜ ಎಲೆಯಡಿಕೆ ಹಾಕಿಕೊಂಡದ್ದು ತನ್ನ ಕಟ್ಟೆಯ ಮೇಲೆ ಅಂದ. ಕಟ್ಟೆಯ ಮೇಲಿನ ಕೆಂಪು ಕಲೆಯನ್ನೂ ತೋರಿಸಿದ. ಆ ಕಲೆ ಹಿಂದಿನ ದಿನ ಕುಟ್ಟಪ್ಪ ಉಗುಳಿದ್ದು. ಕುಟ್ಟಪ್ಪ ಅದನ್ನು ಬಯಲು ಮಾಡುವನೋ ಅಂದುಕೊಂಡರೆ, ಅವನು ‘ರಾಜ ಮಧ್ಯಾಹ್ನ ಮಲಗಿದ್ದು ನಮ್ಮಲ್ಲಿ’ ಅಂದುಬಿಟ್ಟ. ಐದು ವರ್ಷದ ಹಿಂದೆ ಕೊಂಡ ಮನೆ!

ನಾನಾದರೂ ಸುಮ್ಮನಿರಬಾರದಿತ್ತೇ? ಸುಳ್ಳು ಯಾಕೆ ಹೇಳಲಿ, ನನ್ನ ತಾತನೂ ಅಂದು ರಾಜನ ಅಂಗಿಗೆ ಗುಂಡಿ ಹಾಕಿಕೊಟ್ಟ. ಊಟ ಜಾಸ್ತಿಯಾಗಿ ಗುಂಡಿ ಕಿತ್ತಿತ್ತು ಅಂತ ಕಾರಣವನ್ನೂ ಸೇರಿಸಿದೆ. ಸಂಜೆಯ ಹೊತ್ತಿಗೆ ಹದಿನಾಲ್ಕು ಮನೆಗಳಲ್ಲೂ ರಾಜ ಏನಾದರೊಂದು ಮಾಡಿದ್ದ. ಹಲ್ಲುಜ್ಜಿದ್ದ, ಕ್ಷೌರ ಮಾಡಿಸಿಕೊಂಡಿದ್ದ, ಒಂದು ಮನೆಯಲ್ಲಿ ಸುಮ್ಮನೆ ಬಿಕ್ಕಳಿಸಿದ್ದ. ಇಷ್ಟೆಲ್ಲ ಒಂದೇ ದಿನ ಮಾಡಿದವನಿಗೆ ರಾಜ್ಯ ಆಳಲು ಪುರುಸೊತ್ತು ಎಲ್ಲಿಂದ ಬರಬೇಕು ಪಾಪ. ಮೊಣ್ಣಪ್ಪ ಎಲ್ಲವನ್ನೂ ಬರೆದುಕೊಂಡು, ನಮ್ಮ ರುಜು ಹಾಕಿಸಿಕೊಂಡು, ಕೊನೆಯ ಬಸ್ಸಿಗೆ ಹೋದ.

ಮೂರು ವಾರಕ್ಕೆ ಆಜ್ಞೆ ಬಂತು. ದೊಡ್ಡಿ ಬೀದಿ ಈಗ ಸಂರಕ್ಷಿತ ಪುರಾತನ ಬೀದಿ. ಹದಿನಾಲ್ಕು ಮನೆಗಳಲ್ಲಿ ಹೆಂಚು ಸರಿಸಕೂಡದು, ಗೋಡೆ ಮುಟ್ಟಕೂಡದು, ಮೊಳೆ ಹೊಡೆಯಕೂಡದು. ‘ಕಂಡಿಯನ್ನು ದೊಡ್ಡದು ಮಾಡತಕ್ಕದ್ದಲ್ಲ, ಮುಚ್ಚತಕ್ಕದ್ದೂ ಅಲ್ಲ. ಅಡುಗೆಮನೆಯ ಗೋಡೆಯ ಮಸಿಯು ರಾಜರ ಕಾಲದ್ದಾಗಿರುವುದರಿಂದ ಒರೆಸತಕ್ಕದ್ದಲ್ಲ.’ ಸಣ್ಣಸ್ವಾಮಿಯ ಬಾಗಿಲಿಗೆ ಒಂದು ಬೋರ್ಡು ಬಂತು: ‘ರಾಜರು ಹೊಳೆ ನೋಡಿದ ಕಂಡಿ. ಸಾರ್ವಜನಿಕರಿಗೆ ಪ್ರವೇಶವಿದೆ.’

ಮೊದಲ ವಾರ ಬೀದಿಗೆ ಬೀದಿಯೇ ಎದೆ ಉಬ್ಬಿಸಿಕೊಂಡು ತಿರುಗಿತು. ಎರಡನೇ ವಾರ ಹೆಂಚಿನ ಕಾಲ ಬಂತು. ನಮ್ಮದು ನಾಡಹೆಂಚು. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಮನೆಯ ಮಾಡು, ಅಂದರೆ ಛಾವಣಿ, ಹತ್ತಿ ಕೈಯಾಡಿಸದಿದ್ದರೆ, ಕೋತಿ ಕುಣಿದ ಜಾಗದಲ್ಲೆಲ್ಲ ನೀರು ಒಳಗೇ ಇಳಿಯುತ್ತದೆ. ಕುಟ್ಟಪ್ಪ ಏಣಿ ಇಟ್ಟಿದ್ದೇ ತಡ, ಬೀಟ್ ಪೊಲೀಸು ಬಂದು ಇಳಿಸಿದ. ‘ರಾಜರು ಮಲಗಿದ ಮಾಡು ಅದು, ಹತ್ತಬಾರದು’ ಅಂದ.

‘ರಾಜ ಮಾಡಿನ ಮೇಲೆ ಮಲಗ್ಲಿಲ್ಲೆ ಮಾರಾಯ, ಕೆಳಗೆ!’ ಅಂತ ಕುಟ್ಟಪ್ಪ ಬಾಯಿ ಬಡಿದುಕೊಂಡ.

ಕಾಮಾಕ್ಷಮ್ಮನ ಪಾಡು ನಾಯಿಗೂ ಬೇಡ. ಆ ಗೇಣುದ್ದದ ತೂತಿನಿಂದ ಹೊಗೆ ಹೊರಗೆ ಹೋಗುತ್ತಿರಲಿಲ್ಲ. ಹೊಳೆಯ ಗಾಳಿ ಅದರಲ್ಲಿ ನುಗ್ಗಿ ಒಲೆಯ ಹೊಗೆಯನ್ನು ನೇರವಾಗಿ ಅವಳ ಮುಖಕ್ಕೆ ಊದುತ್ತಿತ್ತು. ಮೊದಲು ಬರೀ ಹೊಗೆ ಇತ್ತು, ಈಗ ಹೊಗೆಯ ಜೊತೆ ಜನ. ಸೋಮವಾರಪೇಟೆಯಿಂದ ಬಂದವರು, ಮೈಸೂರಿಗೆ ಹೋಗುವ ಬಸ್ಸು ತಪ್ಪಿದವರು, ಹೊಳೆ ಆಚೆಯಿಂದ ಬರೀ ನಗಲು ಬಂದವರು. ರಾಜ ಒಳಗೆ ಕೂತು ನೋಡಿದ್ದನಲ್ಲ, ಆದ್ದರಿಂದ ಎಲ್ಲರೂ ಅಡುಗೆಮನೆಗೇ ಬಂದು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂರಬೇಕು. ಒಬ್ಬ ಮೇಷ್ಟ್ರು ನಲವತ್ತು ಮಕ್ಕಳನ್ನು ಸಾಲಾಗಿ ತಂದ. ಒಬ್ಬ ಪ್ಲಾಂಟರ್ ಬೂಟು ಹಾಕಿಕೊಂಡೇ ಬಂದು ಅನ್ನದ ತಪ್ಪಲೆ ದಾಟಿದ.

‘ಸ್ವಲ್ಪ ಆ ಕಡೆ ಸರೀರಿ ಅಮ್ಮಾ, ರಾಜರು ಕೂತ ಜಾಗ’ ಅಂದನಂತೆ.

‘ಸರೀತೀನಿ ಕಣಪ್ಪ. ಸಾರೂ ಸರಿಸ್ಲಾ, ನಿನ್ ತಲೆ ಮೇಲೆ?’ ಅಂದಳು ಕಾಮಾಕ್ಷಮ್ಮ.

ಅವತ್ತು ಅವಳು ನಮ್ಮ ಜಗಲಿಗೆ ಬಂದು, ನನ್ನ ಹೆಂಡತಿಗೆ ಸೂಜಿಯೊಂದನ್ನು ಕೊಟ್ಟು ದಾರ ಪೋಣಿಸಿಕೊಡು ಅಂದಳು. ‘ನಂಗೆ ತೂತೇ ಕಾಣ್ತಿಲ್ಲ ಕಣಮ್ಮ. ಹಿಂಗೇ ಆದ್ರೆ ಇನ್ನೊಂದು ವರ್ಷಕ್ಕೆ ನಿಮ್ ಮುಖಾನೂ ಕಾಣಲ್ಲ. ಹೆದ್ರಿಕೆ ಆಗ್ತದೆ’ ಅಂದಳು. ನಗುತ್ತಾ ಹೇಳಲಿಲ್ಲ. ನಾನು ಮಿಷನ್ ನಿಲ್ಲಿಸಿದೆ. ನನ್ನ ತಾತ ಹಾಕಿದ ಗುಂಡಿ ನೆನಪಾಗಿ ನನ್ನ ಮೇಲೆ ನನಗೇ ಕೆಟ್ಟ ಕೋಪ ಬಂತು.

ಬೀದಿ ಈಗ ಸಣ್ಣಸ್ವಾಮಿಯ ಮೇಲೆ ತಿರುಗಿಬಿತ್ತು. ‘ನಿನ್ ನಾಲಿಗೆಗೆ ಬರೆ ಹಾಕ, ನೀನು ಶುರು ಮಾಡಿದ್ದು’ ಅಂದಳು ರುದ್ರಮ್ಮ. ‘ಬಚ್ಚಲಿಗೆ ಕರೆದು ನೀರು ಹುಯ್ದವಳು ನೀನು’ ಅಂದ ಸಣ್ಣಸ್ವಾಮಿ. ಎರಡು ದಿನ ಜಗಳ ಆಡಿ ಸುಸ್ತಾದ ಮೇಲೆ ಎಲ್ಲರೂ ಸೇರಿ ಒಂದು ಅರ್ಜಿ ಬರೆದೆವು. ‘ರಾಜರು ನಮ್ಮ ಬೀದಿಗೆ ಬಂದಿಲ್ಲ. ನಾವು ಹೇಳಿದ್ದೆಲ್ಲ ಸುಳ್ಳು.’ ಹದಿಮೂರು ಮನೆಯವರು ರುಜು ಹಾಕಿದೆವು, ಹದಿನಾಲ್ಕನೆಯವನಾಗಿ ಸಣ್ಣಸ್ವಾಮಿಯೂ ಹಾಕಿದ. ಕಾಮಾಕ್ಷಮ್ಮನನ್ನು ಯಾರೂ ಕೇಳಲಿಲ್ಲ. ಅಡುಗೆಮನೆ ಅವಳದ್ದು, ಚರಿತ್ರೆ ಗಂಡಸರದ್ದು, ಹಾಗಂತ ನಾವು ತಿಳಿದಿದ್ದೆವು.

ಮಡಿಕೇರಿಯಲ್ಲಿ ಮೊಣ್ಣಪ್ಪ ಅರ್ಜಿ ಓದಿ ಕನ್ನಡಕ ತೆಗೆದಿಟ್ಟ.

‘ಬಂದಿಲ್ಲ ಅನ್ನೋದಕ್ಕೆ ಸಾಕ್ಷಿ?’

‘ಬಂದಿದ್ದಕ್ಕೂ ಸಾಕ್ಷಿ ಇರಲಿಲ್ವಲ್ಲ ಸಾರ್!’ ಅಂದ ಸಿದ್ದಬಸಪ್ಪ.

‘ಅದು ಬೇರೆ. ಬಂದಿದ್ದಾರೆ ಅನ್ನೋದನ್ನು ಸರ್ಕಾರ ನಂಬಿ ಆಗಿದೆ. ನಂಬಿದ್ದನ್ನು ಬಿಡಬೇಕಾದರೆ ಆಧಾರ ಬೇಕಲ್ವಾ? ರಾಜರು ಆ ದಿನ ಬೇರೆ ಕಡೆ ಇದ್ದರು ಅಂತ ಯಾರಾದರೂ ಕಣ್ಣಾರೆ ಕಂಡವರಿದ್ದರೆ ಕರೆದು ತನ್ನಿ.’

ಕೊಡಗಿನ ರಾಜರ ಕಾಲ ಮುಗಿದೇ ನೂರಿಪ್ಪತ್ತು ವರ್ಷವಾಗಿತ್ತು, ಅಷ್ಟು ಹಿಂದಿನದನ್ನು ಕಣ್ಣಾರೆ ಕಂಡವರು ಫ್ರೇಸರ್‌ಪೇಟೆಯಲ್ಲಿ ಸದ್ಯಕ್ಕೆ ಇರಲಿಲ್ಲ. ಅರ್ಜಿಯನ್ನು ಮಾತ್ರ ಮೊಣ್ಣಪ್ಪ ಜೋಪಾನವಾಗಿ ಫೈಲಿನೊಳಗೆ ಇಟ್ಟುಕೊಂಡ, ಮುಂದಿನ ವಾರ ತನಿಖೆಗೆ ಬರುತ್ತೇನೆ ಅಂದ.

ಬಂದ. ಫೈಲು ಹಿಡಿದು ನೇರ ಅಡುಗೆಮನೆಗೇ ಬಂದ. ನಾವೆಲ್ಲ ಅಡುಗೆಮನೆಯ ಬಾಗಿಲಿಗೆ ಮುತ್ತಿಕೊಂಡು ನಿಂತೆವು. ಸಣ್ಣಸ್ವಾಮಿ ಬಾಯಿ ತೆರೆದ. ಕಾಮಾಕ್ಷಮ್ಮ ‘ನೀವು ಸುಮ್ನಿರಿ. ನೀವು ಮಾತಾಡಿದ್ದು ಸಾಕು’ ಅಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಣ್ಣಪ್ಪನ ಎದುರು ನಿಂತಳು.

‘ಇವರ ಕಾಗದ ಬಿಡಿ ಸ್ವಾಮಿ. ರಾಜ ಬಂದಿದ್ದ.’

ಸಣ್ಣಸ್ವಾಮಿ ಗೋಡೆಗೆ ಒರಗಿದ. ಮಸಿ ಬೆನ್ನಿಗೆ ಹತ್ತಿತು.

‘ಬಂದಿದ್ದ, ಉಣ್ಣಕ್ಕೆ ಕೂತಿದ್ದ. ಅವತ್ತು ಬಡಿಸ್ತಿದ್ದೋರು ಈ ಮನೆಯ ಹಿರೀ ಹೆಂಗಸು. ಬಡಿಸ್ತಾ ಬಡಿಸ್ತಾ ಕಣ್ಣೊರೆಸಿಕೊಂಡ್ರಂತೆ. ರಾಜ ಕೈ ತೊಳೆದು, ಯಾಕಮ್ಮ ಅಳ್ತೀಯ ಅಂದ. ಅಳ್ತಿಲ್ಲ ಬುದ್ದಿ, ಹೊಗೆ ಅಂದ್ರು. ಕಿಟಕಿ ಯಾಕಿಲ್ಲ ಅಂದ. ನಮ್ಮನೆಯವ್ರು ಯುಗಾದಿ ಕಳೀಲಿ ಅಂದವ್ರೆ ಅಂದ್ರು. ರಾಜನಿಗೆ ಕೋಪ ಬಂತು. ಹೊಟ್ಟೆಗೆ ಹಾಕೋಳ ಕಣ್ಣು ಕಳೀತೀರೇನ್ರೋ, ಈ ಗೋಡೆಗೆ ಎರಡು ಮೊಳ ಅಗಲ, ಮೂರು ಮೊಳ ಎತ್ತರ ಕಿಟಕಿ ಇಡಿ ಅಂತ ಅಪ್ಪಣೆ ಮಾಡ್ದ.’

ಮೊಣ್ಣಪ್ಪನ ಪೆನ್ನು ಓಡುತ್ತಿತ್ತು. ‘ಆಮೇಲೆ?’

‘ಕೆಲಸದೋರು ಬಂದು ಒಂದು ಗೇಣು ಒಡೆದ್ರು. ಅದೇ ಈ ಕಂಡಿ. ಅಷ್ಟರಲ್ಲಿ ಕಂಪನಿಯೋರು ಬಂದ್ರು, ರಾಜನ ರಾಜ್ಯ ಹೋಯ್ತು. ಕೆಲಸ ಅಲ್ಲೇ ನಿಂತೋಯ್ತು.’

ಪೆನ್ನು ನಿಂತಿತು. ಮೊಣ್ಣಪ್ಪ ಬರೆದದ್ದನ್ನು ಮೊದಲಿಂದ ಇನ್ನೊಂದು ಸಲ ಓದಿಕೊಂಡ.

‘ಅಂದರೆ... ರಾಜಾಜ್ಞೆ ಬಾಕಿ ಇದೆ?’

‘ಅದೇ ನಾನೂ ಹೇಳ್ತಿರೋದು.’

‘ಆ ಆಜ್ಞೆಯನ್ನು ಕಂಪನಿಯವರು ರದ್ದು ಮಾಡಿದ ಕಾಗದ ಏನಾದರೂ...?’

‘ನಮ್ಮನೆಗೆ ಯಾವ ಕಾಗದಾನೂ ಬಂದಿಲ್ಲ ಸ್ವಾಮಿ. ನಿಮ್ದೇ ಮೊದ್ಲು.’

ಮೊಣ್ಣಪ್ಪ ಒಲೆಯ ಪಕ್ಕದ ಮಣೆಯ ಮೇಲೆ ಕುಸಿದ. ಪಾಪ, ಮೂರು ತಿಂಗಳು ಫೈಲು ಬಾಕಿ ಇಟ್ಟಿದ್ದಕ್ಕೆ ಅವನಿಗೆ ಹೋದ ವರ್ಷ ಮೆಮೋ ಬಂದಿತ್ತಂತೆ. ‘ರದ್ದಾಗಿಲ್ಲ ಅಂದರೆ ಜಾರಿಯಲ್ಲಿದೆ. ರಾಜರಿಂದ ಕಂಪನಿಗೆ, ಕಂಪನಿಯಿಂದ ಬ್ರಿಟಿಷರಿಗೆ, ಬ್ರಿಟಿಷರಿಂದ ನಮಗೆ... ನೂರಿಪ್ಪತ್ತು ವರ್ಷ! ಮಾರಾಯ್ತಿ, ಈ ವಿಷಯ ಬೇರೆ ಯಾರಿಗಾದರೂ ಹೇಳಿದ್ದೀರಾ?’

‘ಇನ್ನೂ ಇಲ್ಲ. ಕಂಡಿ ನೋಡೋಕೆ ದಿನಾ ಜನ ಬರ್ತಾರೆ. ಕೇಳಿದ್ರೆ ಹೇಳ್ಬೇಕಾಗ್ತದೆ.’

ನಡುವೆ ಸಣ್ಣಸ್ವಾಮಿ, ‘ಸಾರ್, ಆದ್ರೆ ರಾಜ ಬಂದೇ ಇಲ್ಲ ಅಂತ ನಾನು ರುಜು...’ ಅಂದ. ಸತ್ಯ ಹೇಳಲು ಆ ಮನುಷ್ಯ ಆರಿಸಿಕೊಂಡ ಹೊತ್ತು ನೋಡಿ!

‘ಅಡುಗೆಮನೆಯ ವಿಷಯದಲ್ಲಿ ಗಂಡಸರ ಸಾಕ್ಷಿ ನಡೆಯೋದಿಲ್ಲ’ ಅಂತ ಮೊಣ್ಣಪ್ಪ ಗದರಿದ.

ಎಂಟೇ ದಿನ. ಸರ್ಕಾರ ಅಷ್ಟು ಬೇಗ ಎದ್ದು ಕೂತದ್ದನ್ನು ಕೊಡಗು ಅದಕ್ಕೆ ಮುಂಚೆ ಕಂಡಿರಲಿಲ್ಲ. ಗುರುವಪ್ಪನಿಗೇ ಕೆಲಸ ಬಂತು, ಈ ಸಲ ಸರ್ಕಾರದಿಂದ. ಹಾರೆಯನ್ನು ಹೆಗಲ ಮೇಲೆ ಇಟ್ಟುಕೊಂಡು ನಡುಬೀದಿಯಲ್ಲೇ ಬಂದ.

ಇದನ್ನು ಕಂಡ ಬೀದಿಗೆ ತಕ್ಷಣ ಜ್ಞಾಪಕಶಕ್ತಿ ಮರಳಿತು. ರಾಜ ತನ್ನ ಮಾಡು ಹೊಸದಾಗಿ ಹೊದಿಸಲು ಅಪ್ಪಣೆ ಕೊಟ್ಟಿದ್ದ ಎಂದು ಕುಟ್ಟಪ್ಪ ಮಡಿಕೇರಿಗೆ ಓಡಿದ. ರುದ್ರಮ್ಮನಿಗೆ ರಾಜ ಹೊಸ ಬಚ್ಚಲು ಕೊಡಿಸುತ್ತೇನೆ ಅಂದಿದ್ದ. ನನ್ನ ತಾತನಿಗೆ ಹೊಸ ಮಿಷನ್ ಅಂದಿದ್ದನಂತೆ, ರಾಜರ ಕಾಲದಲ್ಲಿ ಮಿಷನ್ ಇರಲಿಲ್ಲ ಅನ್ನುವುದು ನನಗೆ ದಾರಿಯಲ್ಲಿ ಹೊಳೆಯಿತು. ಮೊಣ್ಣಪ್ಪ ನಮ್ಮನ್ನೆಲ್ಲ ನಗುಮುಖದಿಂದ ಬರಮಾಡಿಕೊಂಡು ನಮ್ಮ ಹಳೆಯ ಅರ್ಜಿಯನ್ನೇ ಮೇಜಿನ ಮೇಲಿಟ್ಟ.

‘ಸಂತೋಷದ ಸುದ್ದಿ. ನಿಮ್ಮ ಅರ್ಜಿ ಮಂಜೂರಾಗಿದೆ. ರಾಜರು ನಿಮ್ಮ ಯಾರ ಮನೆಗೂ ಬಂದಿಲ್ಲ. ಇನ್ನು ನಿಮ್ಮ ಹೆಂಚು ನೀವೇ ಸರಿಮಾಡಿಕೊಳ್ಳಬಹುದು.’

ಕೇಳಿದ್ದು ಸಿಕ್ಕಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಾರನೇ ದಿನ ಎಲ್ಲರೂ ಮಾಡು ಹತ್ತಿದೆವು. ಮೊದಲ ಮಳೆಗೆ ಮೂರು ದಿನ ಇರುವಾಗ ಕೆಲಸ ಮುಗಿಯಿತು.

ಅದೇ ದಿನ ಸಣ್ಣಸ್ವಾಮಿಯ ಮನೆಯಲ್ಲಿ ಕಿಟಕಿಯೂ ಮುಗಿಯಿತು. ಎರಡು ಮೊಳ ಅಗಲ, ಮೂರು ಮೊಳ ಎತ್ತರ, ಹಲಸಿನ ಮರದ ಚೌಕಟ್ಟು. ನಾವು ನೋಡಲು ಹೋದೆವು. ಕಾಮಾಕ್ಷಮ್ಮ ಒಲೆ ಹಚ್ಚಿದಳು. ಹೊಗೆ ಒಂದು ಸಲ ಸುತ್ತಿ, ಕಿಟಕಿಯಿಂದ ಹೊಳೆಯ ಕಡೆ ಹೋಯಿತು. ಆಚೆ ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಅವಳು ‘ಎರಡು ಎಮ್ಮೆ, ಒಂದು ಕರು’ ಅಂತ ಎಣಿಸಿ ಹೇಳಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅಡುಗೆಮನೆಯಲ್ಲಿ ಹೊಗೆ ಇರಲಿಲ್ಲ.

ಸಣ್ಣಸ್ವಾಮಿ ಕಿವಿಯ ಪೆನ್ಸಿಲ್ ಸರಿಮಾಡಿಕೊಂಡು ನಮ್ಮೆಲ್ಲರ ಕಡೆ ತಿರುಗಿದ. ‘ನೋಡಿದ್ರಾ? ಅವತ್ತು ನಾನು ರಾಜನ ಮಾತು ತೆಗೀದೇ ಇದ್ದಿದ್ರೆ ಇವಳಿಗೆ ಈ ಕಿಟಕಿ ಸಿಗ್ತಿತ್ತಾ? ಬಾಯಿ ಬಿಟ್ಟು ಹೇಳು ಕಾಮಾಕ್ಷಿ, ರಾಜ ಬಂದಿದ್ನೋ ಇಲ್ವೋ?’

ಕಾಮಾಕ್ಷಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

‘ಬಂದಿದ್ನೋ ಇಲ್ವೋ ನಂಗೊತ್ತಿಲ್ಲ ಕಣ್ರೀ. ಆದ್ರೆ ಒಂದೇ ಸಲ ಹೇಳಿದ್ದಕ್ಕೆ ನನ್ ಮಾತು ಕೇಳಿದ ಗಂಡಸು ಈ ಮನೇಲಿ ಅವನೊಬ್ನೇ.’